ತಲೆ ಮೇಲೆ ಹೊರೋದು ಕಟ್ಟಿಗೆನಾ, ನೀರಾ?

ಮನೆಗೆ ಗ್ಯಾಸ್ ಸಿಲಿಂಡರ್ ಬಂದು ವರ್ಷಗಳಾದರೂ ನಮ್ಮ ಚಿಟಗುಪ್ಪ ಕಡೆ ಒಲೆ ಆರಿಲ್ಲ. ಚಹಾ, ಅನ್ನ, ಪಲ್ಯ ಗ್ಯಾಸಿನ ಮೇಲೆ ಆಗುತ್ತೆ. ಸ್ನಾನದ ನೀರು ಕಾಯೋದು ಮಾತ್ರ ಅಂಗಳದ ಒಲೆ ಮೇಲಿನ ಹಂಡೆಯಲ್ಲೇ. ಮನೇಲಿ ಮಂದಿ ಜಾಸ್ತಿ ಇದ್ರೆ ಜೋಳದ ರೊಟ್ಟಿಯೂ ಅಲ್ಲೇ. ಹಬ್ಬ, ಮದುವೆ, ಜಾತ್ರೆ ಬಂದ್ರಂತೂ ಕಟ್ಟಿಗೆ ಇಲ್ಲದೆ ನಡೆಯೋದೇ ಇಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಸುಮಾರು ಶೇ 80ರಷ್ಟು ಮನೆಗಳು ಅಡುಗೆಗೆ ಮುಖ್ಯವಾಗಿ ಗ್ಯಾಸ್, ಕರೆಂಟಿನಂಥ ಶುದ್ಧ ಇಂಧನ ಬಳಸುತ್ತವೆ. ಸಂತೋಷದ ಸುದ್ದಿಯೇ. ಆದರೆ ಸಮೀಕ್ಷೆ ಕೇಳೋದು ‘ಅಡುಗೆಗೆ ಮುಖ್ಯವಾಗಿ ಏನು ಬಳಸ್ತೀರಿ’ ಅಂತ. ಸ್ನಾನದ ನೀರಿನ ಒಲೆ ಆ ಲೆಕ್ಕಕ್ಕೆ ಬರೋದಿಲ್ಲ. ಆ ಒಲೆಗೆ ಕಟ್ಟಿಗೆ ತರುವವರೂ ಬರೋದಿಲ್ಲ.

ತರುವವರು ಯಾರು? ನಾವು ಹೈದರಾಬಾದ್, ಪುಣೆ, ಬೆಂಗಳೂರು ಸೇರಿದ್ದೇವೆ. ಹೊಲದ ಬದುವಿನಿಂದ ಹೊರೆ ಹೊತ್ತು ಬರುವವರು ಬಹುತೇಕ ಅವ್ವ, ಅತ್ತೆ, ಆಯಿ. ವಯಸ್ಸು ಐವತ್ತು ದಾಟಿದವರು, ಮೊಣಕಾಲು ನೋವಿನವರು. ಹಬ್ಬಕ್ಕೋ ವಾರದ ರಜೆಗೋ ಊರಿಗೆ ಹೋದಾಗ ಈ ಕೆಲಸವನ್ನು ನಾವೇ ಮಾಡಿದ್ರೆ ಹೇಗೆ? ಮಾಡೋದಾದ್ರೆ ಕೈಕಾಲು ಮುರಿದುಕೊಳ್ಳದೆ, ಸುಮ್ಮನೆ ಬೆವರು ಸುರಿಸದೆ ಮಾಡೋದು ಹೇಗೆ?

ನಮ್ಮ ನೆಲದ ಹಳೇ ಕಾಯಕ

ಕಟ್ಟಿಗೆ ಹೊರೋದು ಕೀಳು ಕೆಲಸ ಅನ್ನೋ ಭಾವನೆ ಇದ್ರೆ ಮೊದಲು ಬಿಡಬೇಕು. ಬಸವಕಲ್ಯಾಣ ಇಲ್ಲಿಂದ ದೂರವಿಲ್ಲ. 12ನೇ ಶತಮಾನದ ಶರಣ ಮೋಳಿಗೆ ಮಾರಯ್ಯನ ಹೆಸರಲ್ಲೇ ಆತನ ಕಾಯಕ ಇದೆ. ಮೋಳಿಗೆ ಅಂದ್ರೆ ಕಟ್ಟಿಗೆಯ ಹೊರೆ. ಐತಿಹ್ಯದ ಪ್ರಕಾರ ಆತ ಕಾಶ್ಮೀರದ ಅರಸ. ರಾಜ್ಯ ಬಿಟ್ಟು ಹೆಂಡತಿ ಮಹಾದೇವಿಯ ಜೊತೆ ಕಲ್ಯಾಣಕ್ಕೆ ಬಂದು, ಕಾಡಿನಿಂದ ಕಟ್ಟಿಗೆ ಕಡಿದು ತಂದು ಮಾರಿ ಬದುಕಿದವನು. ‘ನಿಃಕಳಂಕ ಮಲ್ಲಿಕಾರ್ಜುನ’ ಅನ್ನೋದು ಆತನ ವಚನಗಳ ಅಂಕಿತ. ಹುಮನಾಬಾದ್ ಕಡೆಯ ಮೋಳಕೇರಾ ಊರನ್ನು ಜನ ಇವತ್ತಿಗೂ ಆತನ ಹೆಸರಿನ ಜೊತೆಗೇ ನೆನೆಯುತ್ತಾರೆ. ಅರಸನಾಗಿದ್ದವನು ತನ್ನ ಹೊರೆಯನ್ನು ಬೇರೆಯವರ ತಲೆಗೆ ಹೊರಿಸಲಿಲ್ಲ ಅನ್ನೋದು ಈ ಕತೆಯಲ್ಲಿ ನನಗೆ ಮುಖ್ಯವಾಗಿ ಕಾಣೋ ಮಾತು.

ಹೊರೆಯೊಳಗಿನ ನೀರಿನ ಲೆಕ್ಕ

ಆಗಷ್ಟೇ ಕಡಿದ ಹಸಿ ಮರದ ತೂಕದಲ್ಲಿ ಸಾಮಾನ್ಯವಾಗಿ ಶೇ 40ರಿಂದ 50 ನೀರು. ಗಾಳಿಗೆ ಚೆನ್ನಾಗಿ ಒಣಗಿದ ಕಟ್ಟಿಗೆಯಲ್ಲಿ ಶೇ 15ರಿಂದ 20. ಈ ಎರಡು ಸಂಖ್ಯೆ ಸಾಕು, ಉಳಿದದ್ದು ಕೂಡಿಸಿ ಕಳೆಯೋ ಲೆಕ್ಕ.

30 ಕೆ.ಜಿ. ಹಸಿ ಹೊರೆ ತಗೊಳ್ಳಿ. ಶೇ 40 ನೀರು ಅಂದ್ರೆ 12 ಕೆ.ಜಿ. ನೀರು, 18 ಕೆ.ಜಿ. ಕಟ್ಟಿಗೆ. ಅದೇ ಹೊರೆ ಶೇ 20ಕ್ಕೆ ಒಣಗಿದ್ರೆ ತೂಕ 22.5 ಕೆ.ಜಿ. ಅಂದ್ರೆ 7.5 ಕೆ.ಜಿ. ಕಮ್ಮಿ. ಉರಿಯೋ ಕಟ್ಟಿಗೆ ಒಂದು ಗ್ರಾಮೂ ಕಮ್ಮಿಯಾಗಿಲ್ಲ. ಹಸಿ ಇದ್ದಾಗ ನಾಲ್ಕು ಹೊರೆ ಆಗ್ತಿದ್ದದ್ದು ಒಣಗಿದ ಮೇಲೆ ಮೂರೇ ಹೊರೆ. ನಾಲ್ಕನೆಯ ಸಲ ಹೊಲಕ್ಕೆ ಹೋಗಿ ಬರೋದು ಬರೀ ನೀರು ಹೊರಲಿಕ್ಕೆ!

ಕಷ್ಟ ಅಲ್ಲಿಗೇ ಮುಗಿಯೋದಿಲ್ಲ. ಹಸಿ ಕಟ್ಟಿಗೆ ಒಲೆಗಿಟ್ಟಾಗ ಬೆಂಕಿ ಮೊದಲು ಆ ನೀರನ್ನು ಆವಿ ಮಾಡಬೇಕು. ಒಂದು ಕೆ.ಜಿ. ನೀರು ಕಾಯಿಸಿ ಆವಿ ಮಾಡಲಿಕ್ಕೆ ಹೆಚ್ಚುಕಮ್ಮಿ 2.6 ಮೆಗಾಜೂಲ್ ಶಾಖ ಬೇಕು. ಸುಮಾರು 30 ಲೀಟರ್ ಸ್ನಾನದ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲಿಕ್ಕೂ ಅಷ್ಟೇ ಬೇಕು. ಒಲೆಯ ಶಾಖವೆಲ್ಲ ಹಂಡೆಗೆ ಹತ್ತೋದಿಲ್ಲ, ನಿಜ. ಆದರೂ ಕಟ್ಟಿಗೆಯೊಳಗಿನ ಒಂದೊಂದು ಕಿಲೋ ನೀರೂ ನಮ್ಮ ಸ್ನಾನದ ನೀರಿಗೆ ಹೋಗಬೇಕಾದ ಬೆಂಕಿಯನ್ನೇ ತಿನ್ನುತ್ತೆ. ಒಲೆ ಮುಂದೆ ಕೂತವರ ಕಣ್ಣಿಗೆ ಹೊಗೆ ಹೆಚ್ಚಾಗೋದೂ ಇದರಿಂದಲೇ.

ನಮ್ಮ ಓಣಿಯ ಮುತ್ಯಾ ಒಬ್ಬರು ಇದನ್ನು ಯಾವ ಮೆಗಾಜೂಲೂ ಇಲ್ಲದೆ ಹೇಳ್ತಾರೆ: “ಹಸಿ ಇದ್ದಾಗ ಸೀಳಬೇಕು, ಒಣಗಿದ ಮ್ಯಾಲ ಹೊರಬೇಕು ನೋಡು ತಮ್ಮಾ.” ಇಡೀ ಕೆಲಸದ ಕ್ರಮ ಇಷ್ಟೇ. ಕಡಿ, ಅಲ್ಲೇ ತುಂಡು ಮಾಡು, ಅಲ್ಲೇ ಸೀಳು, ಅಲ್ಲೇ ಒಣಗಿಸು, ಆಮೇಲೆ ತಾ.

ಯಾವ ಮರ ಮುಟ್ಟಬಹುದು?

ನಮ್ಮ ಕಡೆ ಮೊದಲ ಆಯ್ಕೆ ತೊಗರಿ ಕಟಗಿ. ಡಿಸೆಂಬರ್–ಜನವರಿಯಲ್ಲಿ ರಾಶಿ ಮುಗಿದ ಮೇಲೆ ಹೊಲದಲ್ಲೇ ಸಿಗುತ್ತೆ, ತೆಳ್ಳಗಿರೋದರಿಂದ ಬೇಗ ಒಣಗುತ್ತೆ. ಒಲೆ ಹೊತ್ತಿಸಲಿಕ್ಕೆ ಇದಕ್ಕಿಂತ ಒಳ್ಳೇದಿಲ್ಲ. ಆದರೆ ಬೇಗ ಉರಿದು ಹೋಗುತ್ತೆ.

ಹೆಚ್ಚು ಹೊತ್ತು ನಿಲ್ಲೋ ಬೆಂಕಿಗೆ ಬಳ್ಳಾರಿ ಜಾಲಿ. ಅಮೆರಿಕ ಖಂಡದ ಈ ಮುಳ್ಳುಮರ 19ನೇ ಶತಮಾನದಲ್ಲಿ ಭಾರತಕ್ಕೆ ಬಂತು, ಈಗ ಪಾಳುಬಿದ್ದ ನೆಲ, ಕೆರೆ ಅಂಗಳ, ಬದು ಎಲ್ಲಾ ಕಡೆ ಹಬ್ಬಿದೆ. ಕಟ್ಟಿಗೆ ಗಟ್ಟಿ, ಕೆಂಡ ಚೆನ್ನಾಗಿ ನಿಲ್ಲುತ್ತೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತೆ. ಹಾಗಾಗಿ ಬದುವಿನ ಜಾಲಿಯನ್ನು ಸರದಿ ಮೇಲೆ ಕಡಿದರೆ ವರ್ಷವರ್ಷ ಕಟ್ಟಿಗೆ ಸಿಗುತ್ತೆ. ಹೊಲದೊಳಗೆ ಬಂದ ಜಾಲಿ ಪೂರ್ತಿ ಹೋಗಬೇಕು ಅಂದ್ರೆ ಮಾತ್ರ ಬುಡ ಸಮೇತ ಅಗೆದು ತೆಗೀಬೇಕು.

ಕಾನೂನಿನ ಮಾತು ಮರೀಬೇಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಮೀನಿನ ಮರ ಕಡಿಯಲಿಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ವಿನಾಯಿತಿ ಪಟ್ಟಿಯಲ್ಲಿ ನೀಲಗಿರಿ, ಸರ್ವೆ, ಸುಬಾಬುಲ್, ಗ್ಲಿರಿಸಿಡಿಯಾ ಮುಂತಾದವುಗಳ ಜೊತೆ ಪ್ರೊಸೋಪಿಸ್, ಅಂದ್ರೆ ಬಳ್ಳಾರಿ ಜಾಲಿಯೂ ಇದೆ. ಬೇವು, ಹುಣಸೆ, ಕರಿಜಾಲಿ ಕಡಿಯೋ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿ. ರಸ್ತೆ ಬದಿ, ಗೋಮಾಳ, ಅರಣ್ಯ ಜಮೀನಿನ ಮರ ನಮ್ಮದಲ್ಲ, ಅಲ್ಲಿ ಕೊಡ್ಲಿ ಹಾಕೋ ಹಾಗಿಲ್ಲ.

ಕಣಗಿಲ ಕಟ್ಟಿಗೆ ಅಡುಗೆ ಒಲೆಗೆ ಬೇಡವೇ ಬೇಡ, ಅದು ವಿಷದ ಗಿಡ. ಕಳ್ಳಿ ಹಾಲು ಕಣ್ಣಿಗೆ ಸಿಡಿದರೆ ಅಪಾಯ. ಕರೆಂಟ್ ತಂತಿಗೆ ತಾಗೋ ಟೊಂಗೆ ಎಷ್ಟೇ ಚಿಕ್ಕದಿದ್ರೂ ಮುಟ್ಟಬೇಡಿ. ಜೆಸ್ಕಾಂ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ಕೊಡ್ಲಿಗೊಂದು ಕೆಲಸ, ಗರಗಸಕ್ಕೊಂದು

ನಮ್ಮಲ್ಲಿ ಬಹಳ ಮಂದಿ ಎಲ್ಲಕ್ಕೂ ಕೊಡ್ಲಿಯನ್ನೇ ಬಳಸ್ತಾರೆ. ಅಡ್ಡ ಕತ್ತರಿಸಲಿಕ್ಕೆ ಗರಗಸ, ಉದ್ದಕ್ಕೆ ಸೀಳಲಿಕ್ಕೆ ಕೊಡ್ಲಿ ಅಂತ ಹಂಚಿಕೊಂಡ್ರೆ ಶ್ರಮವೂ ಕಮ್ಮಿ, ಅಪಾಯವೂ ಕಮ್ಮಿ. ತೋಳು ದಪ್ಪದ ಟೊಂಗೆಗೆ ಬಿಲ್ಲಿನಂತೆ ಬಾಗಿದ ಚೌಕಟ್ಟಿನ ಕೈಗರಗಸ ಸಾಕು. ಕೊಡ್ಲಿ ಜಾರಬಹುದು, ಚಿಮ್ಮಬಹುದು. ಗರಗಸ ಹಾಕಿದ ಜಾಗದಲ್ಲೇ ಇರುತ್ತೆ.

ಕೊಡ್ಲಿ ಎತ್ತೋ ಮೊದಲು ಇಷ್ಟು ನೋಡಿ:

• ಕಾವು ಬಿರುಕು ಬಿಟ್ಟಿದೆಯಾ, ತಲೆ ಅಲುಗಾಡುತ್ತಾ? ಸಡಿಲಾದ ತಲೆಯನ್ನು ನೀರಲ್ಲಿ ನೆನೆಸಿ ಬಿಗಿ ಮಾಡೋದು ತಾತ್ಕಾಲಿಕ. ಕಾವು ಒಣಗಿದ ಕೂಡಲೇ ಮತ್ತೆ ಸಡಿಲ. ಹೊಸ ಬೆಣೆ ಹೊಡೀರಿ.

• ಅಲಗು ಹರಿತ ಇದೆಯಾ? ಮೊಂಡ ಕೊಡ್ಲಿ ಕಟ್ಟಿಗೆಯೊಳಗೆ ಇಳಿಯದೆ ಪಕ್ಕಕ್ಕೆ ಜಾರುತ್ತೆ, ಕಾಲು ಅಲ್ಲೇ ಇರುತ್ತೆ.

• ಸೀಳೋದು ಅಗಲವಾದ ಮರದ ದಿಮ್ಮಿ ಮೇಲೆ. ಎತ್ತರ ಮೊಣಕಾಲಿನಷ್ಟು. ಏಟು ತಪ್ಪಿದ್ರೂ ಕೊಡ್ಲಿ ದಿಮ್ಮಿಗೆ ಬೀಳಬೇಕು, ಕಾಲಿಗಲ್ಲ. ಕಾಲು ಅಗಲಿಸಿ ನಿಲ್ಲಿ. ತುಂಡನ್ನು ಕೈಯಲ್ಲಿ ಅಥವಾ ಕಾಲಲ್ಲಿ ಒತ್ತಿ ಹಿಡಿದು ಸೀಳಬೇಡಿ.

• ಸುತ್ತ ಮಕ್ಕಳು, ನಾಯಿ, ಫೋನ್ ಹಿಡಿದು ವಿಡಿಯೊ ಮಾಡೋ ಗೆಳೆಯ ಯಾರೂ ಹತ್ತಿರ ಇರಬಾರದು. ಚೂರು ದೂರ ಹಾರುತ್ತೆ. ಕಣ್ಣಿಗೆ ಕನ್ನಡಕ ಇರಲಿ.

• ಚಪ್ಪಲಿ ಬೇಡ. ಜಾಲಿ ಮುಳ್ಳು ಚಪ್ಪಲಿ ತಳವನ್ನೂ ದಾಟಿ ಬರುತ್ತೆ. ದಪ್ಪ ತಳದ ಬೂಟು, ತುಂಬು ತೋಳಿನ ಅಂಗಿ, ಚರ್ಮದ ಕೈಗವಸು.

ಮುಳ್ಳು ಚುಚ್ಚಿದ್ರೆ ಸೋಪು ನೀರಲ್ಲಿ ತೊಳೀರಿ. ಧನುರ್ವಾಯು ಚುಚ್ಚುಮದ್ದು ಯಾವಾಗ ಹಾಕಿಸಿಕೊಂಡದ್ದು ಅಂತ ನೆನಪಿಲ್ಲದಿದ್ರೆ ಆಸ್ಪತ್ರೆಗೆ ಹೋಗಿ. ಬೆರಳ ಗೆಣ್ಣು ಅಥವಾ ಮೊಣಕಾಲಿನ ಹತ್ತಿರ ಮುಳ್ಳು ಮುರಿದು ಉಳಿದರೆ ವಾರಗಟ್ಟಲೆ ಬಾವು ಬರಬಹುದು. ಅರಿಶಿನ ಹಚ್ಚಿ ಸುಮ್ಮನಿರಬೇಡಿ, ವೈದ್ಯರಿಗೆ ತೋರಿಸಿ.

ಈಗ ಆನ್‌ಲೈನಲ್ಲಿ ಪೆಟ್ರೋಲ್ ಚೈನ್‌ಸಾ ಸುಲಭವಾಗಿ ಸಿಗುತ್ತೆ. ಮನೆ ಮಟ್ಟಿಗೆ ಅದರ ಅಗತ್ಯ ಇಲ್ಲ ಅಂತ ನನ್ನ ಅಭಿಪ್ರಾಯ. ಅದರ ಪಟ್ಟಿಯ ತುದಿ ಕಟ್ಟಿಗೆಗೆ ತಾಗಿದರೆ ಯಂತ್ರ ಕ್ಷಣದಲ್ಲಿ ಮುಖದ ಕಡೆ ಚಿಮ್ಮುತ್ತೆ. ಬಳಸಲೇಬೇಕು ಅಂದ್ರೆ ಬಲ್ಲವರ ಹತ್ತಿರ ಕಲಿತು, ರಕ್ಷಣಾ ಉಡುಪು ಹಾಕಿಕೊಂಡು ಬಳಸಿ. ಭುಜಕ್ಕಿಂತ ಮೇಲೆ ಎತ್ತಬೇಡಿ, ಒಬ್ಬರೇ ಇದ್ದಾಗ ಚಾಲೂ ಮಾಡಲೇಬೇಡಿ.

ಬಿಸಿಲು ಪುಕ್ಕಟೆ, ಬಳಸಿಕೊಳ್ಳಿ

ಬೀದರ್ ಜಿಲ್ಲೆಯ ಬೇಸಿಗೆಯನ್ನು ಎಲ್ಲರೂ ಬೈತೀವಿ. ಕಟ್ಟಿಗೆಗೆ ಮಾತ್ರ ಅದು ವರ. ದೀಪಾವಳಿಯಿಂದ ಶಿವರಾತ್ರಿಯೊಳಗೆ ಕಡಿದು ಸೀಳಿ ಇಟ್ಟರೆ ಮಾರ್ಚ್‌ನಿಂದ ಮೇವರೆಗಿನ ಬಿಸಿಲು ಒಣಗಿಸೋ ಕೆಲಸ ಮಾಡುತ್ತೆ. ಜೂನ್ ಮೊದಲ ವಾರ, ಮಿರಗದ ಮಳೆ ಬೀಳೋ ಮೊದಲು ಮನೆ ಸೇರಿಸಬೇಕು.

ಮರ ಹೆಚ್ಚಾಗಿ ಒಣಗೋದು ಕತ್ತರಿಸಿದ ತುದಿಗಳಿಂದ ಮತ್ತು ಸೀಳಿದ ಮೈಯಿಂದ. ತೊಗಟೆ ನೀರನ್ನು ಒಳಗೇ ಹಿಡಿದಿಡುತ್ತೆ. ಹಾಗಾಗಿ ಉದ್ದ ಟೊಂಗೆ ಹಾಗೇ ಬಿಟ್ಟರೆ ನಿಧಾನ, ಒಲೆಯ ಬಾಯಿಗೆ ತಕ್ಕಂತೆ ಒಂದು, ಒಂದೂಕಾಲು ಅಡಿ ತುಂಡು ಮಾಡಿ ಮುಂಗೈ ದಪ್ಪಕ್ಕೆ ಸೀಳಿದರೆ ಬೇಗ. ನೆಲದ ಮೇಲೆ ಎರಡು ಸಾಲು ಕಲ್ಲಿಟ್ಟು ಅದರ ಮೇಲೆ ಒಟ್ಟಿ. ಮೇಲೆ ತಗಡೋ ತಾಡಪಾಲೋ ಹಾಕಿ, ಪಕ್ಕಗಳು ಗಾಳಿಗೆ ತೆರೆದಿರಲಿ. ಸುತ್ತಲೂ ಮುಚ್ಚಿದರೆ ಒಳಗೆ ಬೂಷ್ಟು ಹಿಡಿಯುತ್ತೆ.

ಒಣಗಿದ್ದು ಗೊತ್ತಾಗೋದು ಹೇಗೆ? ಎರಡು ತುಂಡು ಬಡಿದರೆ ಟಣ್ ಅನ್ನುತ್ತೆ, ತುದಿಯಲ್ಲಿ ಬಿರುಕು ಕಾಣುತ್ತೆ. ಅಂಕಿ ಬೇಕು ಅನ್ನೋ ನಮ್ಮಂಥವರಿಗೆ ಇನ್ನೊಂದು ಉಪಾಯ. ಒಂದು ತುಂಡಿಗೆ ಗುರುತು ಹಾಕಿ ವಾರಕ್ಕೊಮ್ಮೆ ತಕ್ಕಡಿಗೆ ಹಾಕಿ. ತೂಕ ಇಳಿಯೋದು ನಿಂತರೆ ಒಣಗೋದೂ ನಿಂತಿದೆ ಅಂತ ಅರ್ಥ. ತೂಗಿ ವಾಟ್ಸ್ಯಾಪ್‌ಗೆ ಹಾಕು ಅಂತ ಊರಲ್ಲಿರೋ ತಮ್ಮನಿಗೆ ಹೇಳಿದ್ರೂ ಆಯ್ತು.

ಒಟ್ಟಿದ ಕಟ್ಟಿಗೆ ಸಂದಿಯಲ್ಲಿ ಚೇಳು, ಹಾವು ಸೇರಿಕೊಳ್ಳುತ್ತೆ. ಒಟ್ಟಿಲು ಮನೆ ಗೋಡೆಗೆ ತಾಗಿ ಬೇಡ. ಕೈ ಹಾಕೋ ಮೊದಲು ಕೋಲಿನಿಂದ ಬಡೀರಿ, ಕತ್ತಲಲ್ಲಿ ಟಾರ್ಚ್ ಇಲ್ಲದೆ ಎಳೀಬೇಡಿ. ಹಾವು ಕಚ್ಚಿದ್ರೆ ಬಿಗಿಯಾಗಿ ಕಟ್ಟೋದು, ಕುಯ್ಯೋದು, ಮಂತ್ರ ಹಾಕಿಸೋದು ಯಾವುದೂ ಬೇಡ. 108ಕ್ಕೆ ಫೋನ್, ನೇರ ಆಸ್ಪತ್ರೆಗೆ.

ಚಕ್ರ ಇರೋವಾಗ ತಲೆ ಯಾಕೆ?

ಭಾರ ಎತ್ತೋ ಬಗ್ಗೆ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಷ್ 1991ರಲ್ಲಿ ಒಂದು ಸೂತ್ರ ಕೊಟ್ಟಿತು. ಎಲ್ಲಾ ಅನುಕೂಲ ಇದ್ದಾಗಲೂ ಅದರ ಮಿತಿ 23 ಕೆ.ಜಿ. ಬಗ್ಗಿ, ತಿರುಗಿ, ದೂರಕ್ಕೆ ಕೈ ಚಾಚಿ ಎತ್ತೋದಾದ್ರೆ ಇನ್ನೂ ಕಮ್ಮಿ. ನಮ್ಮ ಮನೆ ಹೆಂಗಸರು ಸಿಂಬಿ ಇಟ್ಟು ಹೊರೋ ಹೊರೆಯನ್ನು ಒಮ್ಮೆ ತೂಗಿ ನೋಡಿ. ಕಲ್ಲು ಮುಳ್ಳಿನ ದಾರಿಯಲ್ಲಿ ಆ ಭಾರವೆಲ್ಲ ಕುತ್ತಿಗೆ ಮೇಲೆ.

ಹೊಲದಲ್ಲೇ ಒಣಗಿಸಿದರೆ ಅವಸರ ಇರೋದಿಲ್ಲ. ದಿನಾ ಒಂದೊಂದು ಹೊರೆ ತರೋ ಬದಲು ಬ್ಯಾಚ್ ಮಾಡಿ ಒಂದೇ ಸಲ ತರಬಹುದು. ಬೇಸಿಗೆಯಲ್ಲಿ ಗೊಬ್ಬರ ಹಾಕಿ ಖಾಲಿ ಬರೋ ಟ್ರಾಲಿ, ಬಂಡಿ ಇದ್ದೇ ಇರುತ್ತೆ. ಮೊದಲೇ ಮಾತಾಡಿಟ್ಟುಕೊಳ್ಳಿ. ಅದೂ ಇಲ್ಲ ಅಂದ್ರೆ ತಳ್ಳುಗಾಡಿ, ಸೈಕಲ್. ಬೈಕ್ ಮೇಲೆ ತರೋದಾದ್ರೆ ತುಂಡುಗಳು ಅಡ್ಡಡ್ಡ ಚಾಚದಂತೆ ಚೀಲದಲ್ಲಿ ತುಂಬಿ ಎರಡು ಕಡೆ ಕಟ್ಟಿ. ಹೊರಲೇಬೇಕಾದ್ರೆ ಚಿಕ್ಕ ಹೊರೆ ಎರಡು ಸಲ. ಎತ್ತುವಾಗ ಮೊಣಕಾಲು ಬಗ್ಗಿಸಿ, ಹೊರೆ ಮೈಗೆ ಹತ್ತಿರ ಇಟ್ಟುಕೊಂಡು ಏಳಿ. ತಲೆ ಮೇಲೆ ಇಡಲಿಕ್ಕೆ, ಇಳಿಸಲಿಕ್ಕೆ ಜೊತೆಗೊಬ್ಬರು ಇರಲಿ.

ಕಮ್ಮಿ ಕಟ್ಟಿಗೆಯ ಒಲೆ

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ‘ಅಸ್ತ್ರ’ ಕೇಂದ್ರ ಶುರುವಾಯ್ತು. ಅಲ್ಲಿನವರು ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಕೂತು ಹಳ್ಳಿಯ ಇಂಧನದ ಲೆಕ್ಕ ಹಾಕಿದರು. ಒಲೆಗೆ ಹೋಗೋ ಸೌದೆಯಲ್ಲಿ ಬಹುಪಾಲು ದುಡ್ಡು ಕೊಟ್ಟು ತಂದದ್ದಲ್ಲ, ಆಯ್ದು ತಂದದ್ದು ಅಂತ ಕಂಡುಬಂತು. ದುಡ್ಡು ಕೊಡದ ವಸ್ತುವಿಗೆ ಮನೇಲಿ ಯಾರೂ ಲೆಕ್ಕ ಇಡೋದಿಲ್ಲ. ಅದನ್ನು ತಂದವರ ಹೊತ್ತಿಗೂ ಲೆಕ್ಕ ಇರೋದಿಲ್ಲ.

ಅದೇ ಕೇಂದ್ರದಿಂದ ಅಸ್ತ್ರ ಒಲೆ ಬಂತು. ಮುಚ್ಚಿದ ಗೂಡಿನಲ್ಲಿ ಬೆಂಕಿ, ಕಟ್ಟಿಗೆಯ ಕೆಳಗಿಂದ ಗಾಳಿ ಬರಲಿಕ್ಕೆ ಜಾಲರಿ, ಹೊಗೆಗೆ ಕೊಳವೆ. ನಿಮ್ಮ ಸ್ನಾನದ ಒಲೆ ಮೂರು ಕಲ್ಲಿನದಾಗಿದ್ರೆ ಈ ಮೂರು ಸುಧಾರಣೆಯನ್ನು ಊರಿನ ಗೌಂಡಿಯಿಂದ ಮಾಡಿಸಬಹುದು. ಉರಿ ಹಂಡೆಗೆ ಸುತ್ತಿಕೊಂಡು ಹೋಗಬೇಕು, ಪಕ್ಕಕ್ಕೆ ಹಾರಬಾರದು, ಅಷ್ಟೇ. ಕಮ್ಮಿ ಉರಿದ್ರೆ ಕಮ್ಮಿ ಕಡಿಯೋದು, ಕಮ್ಮಿ ಹೊರೋದು.

ಈ ಸಲ ತೊಗರಿ ರಾಶಿ ಹೊತ್ತಿಗೆ ಊರಿಗೆ ಹೋದಾಗ ಒಂದು ಶನಿವಾರ ಕಡಿಯಲಿಕ್ಕೆ, ಒಂದು ಭಾನುವಾರ ಸೀಳಿ ಒಟ್ಟಲಿಕ್ಕೆ ಇಡಿ. ಯುಗಾದಿಗೆ ಹೋದಾಗ ಒಟ್ಟಿಲು ತಿರುವಿ ಹಾಕಿ, ತೂಕ ನೋಡಿ. ಮೇ ತಿಂಗಳ ರಜೆಯಲ್ಲಿ ಟ್ರಾಲಿ ಮಾಡಿ ಮನೆಗೆ ತನ್ನಿ. ನಾಲ್ಕೈದು ದಿನದ ಕೆಲಸ. ಮಳೆಗಾಲದಲ್ಲಿ ಅವ್ವ ಫೋನ್ ಮಾಡಿದಾಗ ಕಟಗಿ ಹಸಿ ಅದಾವೋ ಒಣಗ್ಯಾವೋ ಕೇಳಿ. ನಿಮ್ಮ ಕೆಲಸ ಹೇಗಾಗಿದೆ ಅಂತ ಅವರೇ ಹೇಳ್ತಾರೆ.