ಗುರಿ ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತದೆ?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ರಾಗಿ ತೆನೆ ಬಿಡುವ, ನೆಲಗಡಲೆ ಕಾಯಿ ಕಟ್ಟುವ ಹೊತ್ತಿಗೆ ಕಾಡುಹಂದಿಯ ಕಾಟವೂ ಮೊದಲಾಗುತ್ತದೆ. ಸರ್ಕಾರಿ ಸೇವೆಯಲ್ಲಿದ್ದಾಗ, ಬೆಳೆ ರಕ್ಷಣೆಗೆಂದು ನಾಡಬಂದೂಕಿನ ಪರವಾನಗಿ ಕೋರಿದ ಹಲವು ಅರ್ಜಿಗಳ ಮೇಲೆ ನಾನು ವರದಿ ಬರೆದಿದ್ದೇನೆ. ಪಹಣಿ, ಜಮೀನಿನ ವಿಸ್ತೀರ್ಣ, ಪೊಲೀಸ್ ವರದಿ ಎಲ್ಲವನ್ನೂ ಪರಿಶೀಲಿಸುತ್ತಿದ್ದೆವು. ಆ ಬಂದೂಕು ಎಷ್ಟು ದೂರದವರೆಗೆ ನೆಟ್ಟಗೆ ಹೊಡೆಯುತ್ತದೆಂಬ ಪ್ರಶ್ನೆಯನ್ನು ಮಾತ್ರ ಯಾವ ಕಡತವೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಕರಿಮದ್ದಿನಿಂದ ದೂರದ ಗುರಿ ಅಸಾಧ್ಯವೆಂದೇನೂ ಅಲ್ಲ. 1874ರಲ್ಲಿ ನ್ಯೂಯಾರ್ಕ್ ಸಮೀಪದ ಕ್ರೀಡ್‌ಮೂರ್‌ನಲ್ಲಿ 800, 900 ಮತ್ತು 1000 ಗಜಗಳ ಸ್ಪರ್ಧೆ ನಡೆಯಿತು. ಐರ್ಲೆಂಡಿನವರು ನಳಿಗೆಯ ಬಾಯಿಂದ ಮದ್ದು ತುಂಬುವ ರೈಫಲ್ ಹಿಡಿದರೆ, ಅಮೆರಿಕನ್ನರು ಹಿಂಬದಿಯಿಂದ ತೋಟಾ ತುಂಬುವ ರೈಫಲ್ ಹಿಡಿದರು. ಅಮೆರಿಕ 934, ಐರ್ಲೆಂಡ್ 931. ಆ ಕಾಲದ ರೈಫಲ್‌ಗಳ ಪ್ರತಿಕೃತಿಗಳು ಇಂದಿಗೂ ಇಟಲಿ, ಅಮೆರಿಕಗಳಲ್ಲಿ ತಯಾರಾಗುತ್ತಿವೆ. ಹವ್ಯಾಸಿಗಳು ಅದೇ ದೂರಕ್ಕೆ ಗುರಿ ಇಡುತ್ತಾರೆ.

ಈ ನಿಖರತೆಯ ಗುಟ್ಟು ನಳಿಗೆಯೊಳಗಿನ ಸುರುಳಿ ಗೆರೆಗಳಲ್ಲಿದೆ. ಅವು ನೀಳವಾದ ಸೀಸದ ಗುಂಡನ್ನು ಬುಗುರಿಯಂತೆ ತಿರುಗಿಸಿ ದಾರಿ ತಪ್ಪದಂತೆ ನೋಡಿಕೊಳ್ಳುತ್ತವೆ. ಜೊತೆಗೆ ತೂಗಿ ಹಾಕಿದ ಮದ್ದು, ಸುಟ್ಟ ಮದ್ದಿನ ಮಸಿ ತೆಗೆದು ಶುಚಿಯಾಗಿಟ್ಟ ನಳಿಗೆ, ಸೂಕ್ಷ್ಮವಾದ ಗುರಿಗಣ್ಣು. ನಮ್ಮ ರೈತನ ಬಂದೂಕಿನ ನಳಿಗೆ ಸಾಮಾನ್ಯವಾಗಿ ನುಣುಪು. ಸಡಿಲ ಗುಂಡು, ಅಂದಾಜಿನ ಮದ್ದು, ಕತ್ತಲು. 50-60 ಗಜ ದಾಟಿದರೆ ಹಂದಿಯಷ್ಟು ದೊಡ್ಡ ಗುರಿಯೂ ಅದೃಷ್ಟದ ಮಾತು.

1959ರ ಆಯುಧ ಕಾಯಿದೆಯ 13ನೇ ಕಲಂ ಬೆಳೆ ರಕ್ಷಣೆಗೆ ಬಾಯಿಮದ್ದಿನ ಬಂದೂಕನ್ನೇ ಹೆಸರಿಸುತ್ತದೆ. ಅದು ಸಾಲದೆಂದು ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಬಂದೂಕಿಗೂ ಅವಕಾಶವಿದೆ. ದುರ್ಬಲ ಆಯುಧ ಕಡಿಮೆ ಅಪಾಯಕಾರಿ ಎಂಬ ಭಾವನೆ ನಮ್ಮ ಕಚೇರಿಗಳಲ್ಲಿತ್ತು. ಆದರೆ ಗುರಿ ತಪ್ಪಿದ ಗುಂಡು ಅಲ್ಲಿಗೇ ನಿಲ್ಲುವುದಿಲ್ಲ. ಹಂದಿಯನ್ನು ದಾಟಿದ ಮೇಲೂ ಮನುಷ್ಯನ ಪ್ರಾಣ ತೆಗೆಯುವ ಶಕ್ತಿ ಅದಕ್ಕಿರುತ್ತದೆ. ತುಂಡು ಹಿಡುವಳಿಗಳ ಈ ಸೀಮೆಯಲ್ಲಿ ಟೊಮೆಟೊಗೋ ಹಿಪ್ಪುನೇರಳೆಗೋ ನೀರು ಹಾಯಿಸಲು ರಾತ್ರಿ ಕರೆಂಟು ಬಂದಾಗ ಪಕ್ಕದ ಹೊಲದವನು ಕೊಳವೆಬಾವಿಯ ಬಳಿಗೆ ಹೋಗಿಯೇ ಇರುತ್ತಾನೆ.

2016ರ ಆಯುಧ ನಿಯಮಗಳು ಸುರಕ್ಷತಾ ತರಬೇತಿಯ ಮಾತನ್ನಾಡುತ್ತವೆ. 2019ರ ತಿದ್ದುಪಡಿಯಿಂದ ಪರವಾನಗಿಯ ಅವಧಿ 5 ವರ್ಷವಾಗಿದೆ. ಪ್ರತಿ ನವೀಕರಣದ ವೇಳೆ ಪರವಾನಗಿದಾರನನ್ನು ಕರೆಸಿ, ಅವನದೇ ಬಂದೂಕಿನಿಂದ 30, 60, 90 ಗಜಗಳ ಹಲಗೆಗೆ ಹೊಡೆಸಿ ತೋರಿಸಿದರೆ ಸಾಕು. ತನ್ನ ಬಂದೂಕಿನ ಮಿತಿಯನ್ನು ಒಮ್ಮೆ ಕಣ್ಣಾರೆ ಕಂಡವನು ಕತ್ತಲಲ್ಲಿ ಸದ್ದು ಬಂದತ್ತ ಗುಂಡು ಹಾರಿಸುವ ಮೊದಲು ಯೋಚಿಸುತ್ತಾನೆ. ಇದರ ಜೊತೆಗೆ ಬೆಳೆನಷ್ಟದ ಪರಿಹಾರ ಸಕಾಲದಲ್ಲಿ ಕೈಸೇರಿದರೆ, ಬಂದೂಕನ್ನು ಗೋಡೆಯಿಂದ ಇಳಿಸುವ ಅಗತ್ಯವೇ ಎಷ್ಟೋ ಮನೆಗಳಲ್ಲಿ ಬಾರದು.