ಸೂತಪುತ್ರನ ದಾನ

ಸುಗ್ಗಿ ಮುಗಿದು ಕಣಗಳು ಬರಿದಾದ ಮೇಲೆ ನಾಗಮಂಗಲದ ಸುತ್ತಲಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕಗಳ ಕಾಲ. ಮಂಡ್ಯ, ತುಮಕೂರು ಸೀಮೆಯ ಜನರಿಗೆ ‘ಕುರುಕ್ಷೇತ್ರ’ವೆಂದರೆ ಪಂಚಪ್ರಾಣ. ಹಿಂದೆ ಗುಬ್ಬಿ ವೀರಣ್ಣನವರ ಕಂಪನಿಯು ಆನೆ, ಕುದುರೆಗಳನ್ನೇ ರಂಗಕ್ಕೆ ತಂದು ಮೆರೆಸಿದ ಕಥೆಯನ್ನು ನಮ್ಮ ಒಕ್ಕಲುಮಕ್ಕಳು ಬಾಡಿಗೆಯ ಸೀನರಿ ಕಟ್ಟಿ, ಹಾರ್ಮೋನಿಯಂ ಮಾಸ್ತರರ ಮುಂದೆ ತಿಂಗಳುಗಟ್ಟಲೆ ಕಲಿತು, ಬೆಳಗಿನ ಜಾವದವರೆಗೂ ಆಡುತ್ತಾರೆ.

ಈ ನಾಟಕದಲ್ಲಿ ನಮ್ಮನ್ನು ಬಹುವಾಗಿ ಕಾಡುವವನು ಕರ್ಣ. ದಾನವೆಂದರೆ ಮೇಲಿನವನು ಕೆಳಗಿನವನಿಗೆ ನೀಡುವುದೆಂಬುದು ಲೋಕರೂಢಿ. ಕರ್ಣನ ಕಥೆಯಲ್ಲಿ ಅದು ತಲೆಕೆಳಗು. ಅಸ್ತ್ರಪ್ರದರ್ಶನದ ದಿನ ಕುಲ ಯಾವುದೆಂದು ಕೇಳಿಸಿಕೊಂಡು ತಲೆ ತಗ್ಗಿಸಿದವನು ಅವನು. ದುರ್ಯೋಧನನು ಅಂಗರಾಜ್ಯಕ್ಕೆ ಪಟ್ಟ ಕಟ್ಟಿದರೂ ಸೂತಪುತ್ರನೆಂಬ ಹಳಿವು ಅಳಿಯಲಿಲ್ಲ. ಇಂಥವನ ಮುಂದೆ ಕೈಯೊಡ್ಡಿದವರಾದರೂ ಯಾರು? ಕವಚಕುಂಡಲ ಬೇಡಿದವನು ದೇವೇಂದ್ರ. ಮಕ್ಕಳ ಪ್ರಾಣ ಬೇಡಿದವಳು ರಾಜಮಾತೆ ಕುಂತಿ. ಪಡೆದುಕೊಂಡ ಇಬ್ಬರಲ್ಲಿ ಒಬ್ಬರೂ ಅವನು ಬದುಕಿರುವಾಗ ಸಭೆಯಲ್ಲಿ ನಿಂತು ತಮ್ಮವನೆನ್ನಲಿಲ್ಲ. ಬೆಳೆದ ರಾಗಿಯನ್ನು ಉಂಡು, ಬೆಳೆದವನನ್ನು ಜಗುಲಿಯ ಕೆಳಗೆ ಕೂರಿಸುತ್ತಿದ್ದ ಊರುಗಳಲ್ಲಿ ಈ ದೃಶ್ಯಕ್ಕೆ ಜನ ಕಣ್ಣೀರಿಡುವುದು ಬರಿಯ ಪುರಾಣಭಕ್ತಿಯಿಂದಲೇ ಎಂದು ನಾವು ಭಾವಿಸಲಾರೆವು.

ತೆರೆಯ ಹಿಂದಿನ ವ್ಯವಹಾರವನ್ನೂ ಮುಚ್ಚಿಡಬಾರದು. ಪಾತ್ರಧಾರಿಗಳೇ ಹಣ ಕಟ್ಟಿ ಪಾತ್ರ ಪಡೆಯುವುದು ಈ ಸೀಮೆಯ ವಾಡಿಕೆ. ಕೃಷ್ಣ, ದುರ್ಯೋಧನ, ಕರ್ಣರಂಥ ಪಾತ್ರಗಳಿಗೆ ದೊಡ್ಡ ಮೊತ್ತ. ಕಂಠವಿದ್ದೂ ಕಾಸಿಲ್ಲದವನು ಸಣ್ಣ ವೇಷ ತೊಟ್ಟು ಬದಿಯಲ್ಲಿ ನಿಲ್ಲಬೇಕು. ಕುಲಹೀನನೆಂದು ಹಳಿಸಿಕೊಂಡವನ ಪಾತ್ರವೂ ಉಳ್ಳವರ ಪಾಲು!

ಕರ್ಣನ ದಾನದಲ್ಲಿಯೂ ಒಂದು ಕೊರತೆಯುಂಟು. ಕವಚವನ್ನು ಕೊಡಬೇಡವೆಂದು ಸೂರ್ಯನೇ ಎಚ್ಚರಿಸಿದಾಗ, ಪ್ರಾಣಕ್ಕಿಂತ ಕೀರ್ತಿಯೇ ತನಗೆ ದೊಡ್ಡದೆಂದನೆಂದು ಭಾರತವೇ ಹೇಳುತ್ತದೆ. ಮರ್ಯಾದೆ ಸಿಗದವನಿಗೆ ಕೀರ್ತಿಯ ಹಸಿವು ಸಹಜವೇ. ಆದರೂ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದ ಮಾರಯ್ಯ–ಲಕ್ಕಮ್ಮ ದಂಪತಿಗಳನ್ನು ಇಲ್ಲಿ ನೆನೆಯದಿರಲಾರೆವು. ಗಂಡನು ಒಂದು ದಿನ ಹೆಚ್ಚಿಗೆ ತಂದಾಗ, ಅದನ್ನು ಅಲ್ಲಿಯೇ ಸುರಿದು ಬನ್ನಿರೆಂದವಳು ಆ ತಾಯಿ. ಅವರ ಮನೆಯಲ್ಲಿ ಕೊಡುವವರು ಮೇಲೆಂದಾಗಲಿ, ಉಣ್ಣುವವರು ಕೆಳಗೆಂದಾಗಲಿ ಇರಲಿಲ್ಲ.

ಕುಂತಿಯು ಮಗನೇ ಎಂದು ಕರೆಯುವ ಹೊತ್ತಿಗೆ ಯಾರೋ ನೋಟಿನ ಹಾರ ಹಿಡಿದು ರಂಗವೇರುತ್ತಾರೆ. ಹಾರ್ಮೋನಿಯಂ ನಿಲ್ಲುತ್ತದೆ. ಧ್ವನಿವರ್ಧಕದಲ್ಲಿ ಕೊಟ್ಟವರ ಹೆಸರು, ಊರು, ಮೊತ್ತ ಕೇಳಿಬರುತ್ತವೆ. ಅಷ್ಟೂ ಮುಗಿಯುವವರೆಗೆ ಕರ್ಣನು ಕುಂತಿಯ ಎದುರು ಸುಮ್ಮನೆ ನಿಂತಿರುತ್ತಾನೆ.