ಮೊಣಕಾಲಿನ ಮೃದ್ವಸ್ಥಿ: ಯಾವ ಚಿಕಿತ್ಸೆ ಯಾರಿಗೆ?

ಜೋಯಿಡಾದ ಏರುಹಾದಿಯಲ್ಲಿ ನಡೆಯುವ, ಹಳಿಯಾಳ-ಮುಂಡಗೋಡದ ಗದ್ದೆಗಳಲ್ಲಿ ಬಾಗಿ ದುಡಿಯುವ, ದಾಂಡೇಲಿಯ ಕಾರ್ಖಾನೆಯಲ್ಲಿ ದಿನವಿಡೀ ನಿಲ್ಲುವ ಸದ್ಭಕ್ತರಿಗೆ ಮೊಣಕಾಲು ನೋವು ಹೊಸದಲ್ಲ. ಕೀಲಿನಲ್ಲಿ ಎಲುಬುಗಳ ತುದಿಯನ್ನು ಹೊದ್ದಿರುವ ನುಣುಪಾದ ಪದರವೇ ಮೃದ್ವಸ್ಥಿ, ಅಂದರೆ ಕಾರ್ಟಿಲೇಜ್. ಅದರಲ್ಲಿ ರಕ್ತನಾಳಗಳಿಲ್ಲ, ಆದ್ದರಿಂದ ಒಮ್ಮೆ ಹರಿದರೆ ಚರ್ಮದ ಗಾಯದಂತೆ ತಾನಾಗಿ ಮಾಯುವುದಿಲ್ಲ.

ರೋಗಿಯ ಮೃದ್ವಸ್ಥಿಯಿಂದಲೇ ಜೀವಕೋಶಗಳನ್ನು ತೆಗೆದು, ಪ್ರಯೋಗಾಲಯದಲ್ಲಿ ಬೆಳೆಸಿ, ಮರಳಿ ಕೀಲಿನಲ್ಲಿ ಕೂರಿಸಿದ ಫಲಿತಾಂಶವನ್ನು ಸ್ವೀಡನ್ನಿನ ವೈದ್ಯರು 1994ರಲ್ಲಿ ಪ್ರಕಟಿಸಿದರು. ಇಂದು ಕೋಶಗಳನ್ನು ಕೊಲಾಜೆನ್ ಪೊರೆಯ ಮೇಲೆ ಬೆಳೆಸಿಯೂ ಕೂರಿಸುತ್ತಾರೆ. ಪೆಟ್ಟಿನಿಂದ ಒಂದೆಡೆ ಮಾತ್ರ ಹಾನಿಯಾದ ಕಿರಿಯರಿಗೆ ಈ ಚಿಕಿತ್ಸೆ ತಕ್ಕುದು. ವಯಸ್ಸಾಗಿ ಇಡೀ ಕೀಲು ಸವೆದವರಿಗೆ ತಕ್ಕುದಲ್ಲ; ಅವರಿಗೆ ಕೊನೆಯ ದಾರಿ ಕೀಲು ಬದಲಾವಣೆ. ಅದರಲ್ಲಿ ಬಳಸುವ ಕೃತಕ ಕೀಲಿಗೆ ಕೇಂದ್ರ ಸರ್ಕಾರವು 2017ರಲ್ಲಿ ಗರಿಷ್ಠ ಬೆಲೆಯನ್ನು ನಿಗದಿಪಡಿಸಿದೆ.

ಆಯುರ್ವೇದದ ಅಭ್ಯಂಗ, ಜಾನುಬಸ್ತಿಗಳು ಸಂಧಿಗತವಾತದ ನೋವು, ಬಿಗಿತಗಳನ್ನು ತಗ್ಗಿಸಬಲ್ಲವು. ಹರಿದ ಮೃದ್ವಸ್ಥಿಯನ್ನು ತುಂಬಲಾರವು. ಪೆಟ್ಟಾದ ನಂತರ ಬಾವು ಇಳಿಯದಿದ್ದರೆ, ಮೊಣಕಾಲು ಮಡಿಸಲಾಗದಂತೆ ಸಿಕ್ಕಿಕೊಂಡರೆ, ಎಣ್ಣೆ ತಿಕ್ಕುತ್ತ ಕಾಲ ಕಳೆಯದೆ ಹುಬ್ಬಳ್ಳಿ-ಧಾರವಾಡದ ಎಲುಬು-ಕೀಲು ತಜ್ಞರನ್ನು ಕಾಣಿರಿ. ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ, “ಹಾನಿ ಒಂದೆಡೆಯೋ, ಇಡೀ ಕೀಲಿಗೋ?” ಎಂದು ತಪ್ಪದೆ ಕೇಳಿರಿ.